ಹಾಡಿಗೆ ಮುಂಚಿನ ಮಾತು

ಹಲ್ಲಿನ ಡಾಕ್ಟರು ಐದನೆಯ ಹೆಡ್‌ಫೋನನ್ನು ಅದರ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಕೈ ಹಸುಗೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆತ್ತಗಿತ್ತು. ಮುಖ ಮಾತ್ರ ಇಂಗು ತಿಂದ ಮಂಗನದು.

“ಇದೂ ಆಗ್ಲಿಲ್ವಾ?” ಎಂದು ಊಟದ ಮೇಜಿನ ಆಚೆ ಬದಿಯಿಂದ ಹೆಂಡತಿ ಕೇಳಿದರು. ದನಿಯಲ್ಲಿ ಸಂತಾಪವಿತ್ತು. ತುಟಿಯ ತುದಿಯಲ್ಲಿ ಮಾತ್ರ ಸಂತಾಪಕ್ಕೆ ಯಾವ ಸಂಬಂಧವೂ ಇಲ್ಲದ ಏನೋ ಒಂದು ಆಡುತ್ತಿತ್ತು.

“ಮಸುಕು ಕಣೇ. ಕೊಳಲು ಸರಿ, ತಂತಿ ಸರಿ. ಮನುಷ್ಯರು ಮಾತಾಡಿದ್ರೆ ಮಾತ್ರ ಬಾಯಿಗೆ ಬಟ್ಟೆ ತುರುಕಿದ ಹಾಗೆ.”

“ಮನುಷ್ಯರು ಅಂದ್ರೆ ಯಾರು?”

“ಯಾರೋ ಒಬ್ರು. ಸುಮ್ನೆ ಹೇಳ್ದೆ.”

“ಹಾಂ, ಹಾಂ. ಸುಮ್ನೆ.”

ಸುಮ್ಮನೆಯೂ ಇಲ್ಲ, ಮಣ್ಣೂ ಇಲ್ಲ. ಮನುಷ್ಯರು ಅಂದರೆ ಒಬ್ಬರೇ, ಮಾತು ಅಂದರೆ ಒಂದೇ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ತಟ್ಟೆ ಎತ್ತಿಟ್ಟರು.

ಈ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಅರ್ಧ ಊರು ಅವರ ಪಕ್ಕದ ಸೀಟಿನಲ್ಲಿ ಕೂತು ಬೆವರಿದೆ. ಆ ಅರ್ಧ ಊರು ಅವರನ್ನು ಮೇಡಂ ಎನ್ನುತ್ತದೆ, ಹೆದರಿಕೆಯಾದಾಗ ಡಾಕ್ಟರೂ ಹಾಗೇ ಎನ್ನುತ್ತಾರೆ, ಆದ್ದರಿಂದ ನಾವೂ ಹಾಗೆನ್ನುವುದೇ ಕ್ಷೇಮ. ಕಲಿಯುವವರ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಅದನ್ನು ತುಳಿದೂ ತುಳಿದೂ ಮೇಡಂ ಬಲಗಾಲಿಗೆ ಮನೆಯಲ್ಲೂ ಅದೇ ಚಾಳಿ ಹತ್ತಿತ್ತು. ಗಂಡನ ಮಾತು ಅಡ್ಡದಾರಿ ಹಿಡಿದರೆ ಮೇಜಿನ ಕೆಳಗೆ ಪಾದ ತಾನಾಗಿ ನೆಲವನ್ನು ಒತ್ತುತ್ತಿತ್ತು.

ಆ ಮನೆಯ ಜಗಳಗಳು ಎಲ್ಲಿ ಶುರುವಾದರೂ ಮುಗಿಯುತ್ತಿದ್ದದ್ದು ಒಂದೇ ಕಡೆ. ಒದ್ದೆ ಟವೆಲ್ಲು ಮಂಚದ ಮೇಲೆ ಏಕೆ ಬಂತು ಎಂಬಲ್ಲಿಂದ ಹೊರಟರೂ ಸರಿ, ಕಿಟಕಿ ಯಾರು ಮುಚ್ಚಬೇಕು ಎಂಬಲ್ಲಿಂದ ಹೊರಟರೂ ಸರಿ, ಸೋಲುವ ಹಾಗಾದಾಗ ಮೇಡಂ ಬ್ರಹ್ಮಾಸ್ತ್ರ ತೆಗೆಯುತ್ತಿದ್ದರು.

“ನಾನಾಗಿ ಬಂದವಳಲ್ಲ ನಾನು. ದುಂಬಾಲು ಬಿದ್ದು ಬಂದೋರು ನೀವು. ಅದಕ್ಕೆ ಮುಂಚೆ ನಿಮ್ಮ ಮುಖಾನೇ ನಾನು ನೋಡಿರ್ಲಿಲ್ಲ. ಏನೋ ಪಾಪ ಅಂತ ಒಪ್ಕೊಂಡೆ.”

ಮಕ್ಕಳ ಮುಂದೆ, ಬೀಗರ ಮುಂದೆ, ಒಮ್ಮೆ ಬ್ಯಾಂಕ್ ಮ್ಯಾನೇಜರರ ಮುಂದೆ ಕೂಡ ಈ ಅಸ್ತ್ರ ಪ್ರಯೋಗವಾಗಿತ್ತು. ಎಲ್ಲರೂ ನಗುತ್ತಿದ್ದರು, ಡಾಕ್ಟರೂ ನಗುತ್ತಿದ್ದರು. ನಗದೆ ಇನ್ನೇನು ಮಾಡುವುದು? ಆದರೆ ಆ ‘ಪಾಪ’ ಎಂಬ ಪದ ವರ್ಷಗಳಿಂದ ಹಲ್ಲುಸಂದಿಯ ನಾರಿನ ಹಾಗೆ ಒಳಗೇ ಸಿಕ್ಕಿಕೊಂಡಿತ್ತು. ಕನಿಕರಕ್ಕೆ ಕೈಹಿಡಿದವಳ ಕನಿಕರದಲ್ಲೇ ಮುದುಕನಾಗಿಬಿಡುತ್ತೇನಲ್ಲ ಎಂದು ಒಮ್ಮೊಮ್ಮೆ, ಕ್ಲಿನಿಕ್ಕಿನಲ್ಲಿ ಕೈ ತೊಳೆಯುವಾಗ, ನಿಜವಾಗಿಯೇ ದುಃಖವಾಗುತ್ತಿತ್ತು.

ಹೀಗಿರುವಾಗ ಮೇಡಂ ಹಳೆಯ ಗೆಳತಿಯೊಬ್ಬಳಿಗೆ ಮನೆ ಬದಲಿಸುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಕಾಲೇಜು ದಿನಗಳ ಗುಂಪುಹಾಡು. ಆಕೆ ಅದನ್ನು ಫೋನಿಗೆ ಇಳಿಸಿ ಕಳಿಸಿದಳು. ಗಂಡ ಹೆಂಡತಿ ಸೋಫಾದಲ್ಲಿ ಕೂತು ಕೇಳಿದರು. ನಿರೂಪಕ ಹಾಡಿನ ಹೆಸರು ಹೇಳುತ್ತಾನೆ, ಚಪ್ಪಾಳೆಯಾಗುತ್ತದೆ, ಹಾಡು ಮಾತ್ರ ಶುರುವಾಗುವುದಿಲ್ಲ. ಯಾರೋ ಕೆಮ್ಮುತ್ತಾರೆ. ಕುರ್ಚಿ ಎಳೆಯುತ್ತಾರೆ. ಸಭೆಯಲ್ಲಿ ಗುಜುಗುಜು ಏಳುತ್ತದೆ. ಆಮೇಲೆ ಒಬ್ಬಳು ಹುಡುಗಿ ಮೆಲುದನಿಯಲ್ಲಿ ಒಂದೇ ಒಂದು ಮಾತು ಆಡುತ್ತಾಳೆ, ಉಳಿದ ಹುಡುಗಿಯರು ಕಿಸಕ್ಕೆಂದು ನಗು ತಡೆದುಕೊಳ್ಳುತ್ತಾರೆ, ತಟ್ಟನೆ ಹಾಡು ಎದ್ದುಬಿಡುತ್ತದೆ. ಟೇಪ್ ರೆಕಾರ್ಡರನ್ನು ವೇದಿಕೆಯ ಮೇಲೆ ಹಾಡುವವರ ಕಾಲಬುಡದಲ್ಲೇ ಇಟ್ಟಿದ್ದರಿಂದ ಸಭೆಗೆ ಕೇಳದ ಮಾತು ಅದರೊಳಗೆ ಸೇರಿಕೊಂಡಿತ್ತು.

ಆ ಮೆಲುದನಿ ಮೇಡಂದು. ಅದರಲ್ಲಿ ಅನುಮಾನವೇ ಇರಲಿಲ್ಲ, ಏಕೆಂದರೆ ಸೋಫಾದಲ್ಲಿ ಕೂತಿದ್ದ ಮೇಡಂ ಮುಖ ಕೆಂಪಾಗಿ ಕಾಲು ಬ್ರೇಕು ತುಳಿದಿತ್ತು.

“ಏನಂದೆ ಅಲ್ಲಿ?”

“ಏನೂ ಇಲ್ಲ.”

“ಏನೂ ಇಲ್ಲದ್ದಕ್ಕೆ ಅಷ್ಟೂ ಜನ ನಕ್ಕರಾ?”

ಮೇಡಂ ಅಷ್ಟರಲ್ಲಿ ಗೇರು ಬದಲಿಸಿದ್ದರು. “ಕಿವಿ ಇದೆಯಲ್ಲ ನಿಮಗೆ? ಕೇಳಿಸ್ಕೊಳ್ಳಿ!”

ಆ ಸಂಜೆ ಡಾಕ್ಟರೂ ಆ ಸಭಾಂಗಣದಲ್ಲಿದ್ದರು. ಆಗ ಅವರು ಪಕ್ಕದ ದಂತ ಕಾಲೇಜಿನ ಹುಡುಗ, ದುಂಬಾಲು ಬಿದ್ದದ್ದು ಇನ್ನೂ ಆಮೇಲೆ. ಹಲ್ಲಿನ ವಿದ್ಯೆ ಕಲಿಯುತ್ತಿದ್ದವನ ಸ್ವಂತ ಹಲ್ಲುಗಳು ತುಟಿಗಿಂತ ಮುಂದೆ ಓಡುತ್ತಿದ್ದವು. ಆಮೇಲೆ ಸಹಪಾಠಿಗಳೇ ತಂತಿ ಬಿಗಿದು ಎಳೆದು ಕೂರಿಸಿದರು, ಈಗ ನಕ್ಕರೆ ಪೇಸ್ಟಿನ ಜಾಹೀರಾತಿನ ಹಾಗೆ ಕಾಣುತ್ತದೆ. ಅಂದು ತಡವಾಗಿ ಓಡಿಬಂದು, ಬಗ್ಗಿಕೊಂಡು, ಯಾರದೋ ಕಾಲು ತುಳಿದು ಮೂರನೆಯ ಸಾಲಿನಲ್ಲಿ ಕೂತದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ತಾನು ಕೂತ ಮೇಲೇ ಹಾಡು ಶುರುವಾದದ್ದು ತನ್ನ ಪುಣ್ಯ ಎಂದೇ ಅವರು ತಿಳಿದಿದ್ದರು.

ಆ ಮಾತು ಏನು? ಯಾವನನ್ನು ಕುರಿತದ್ದು? ಆಗ ಇವಳ ಕಣ್ಣು ಯಾರ ಮೇಲಿತ್ತು? ಡಾಕ್ಟರಿಗೆ ನಿದ್ದೆ ಹಾರಿಹೋಯಿತು. ಮಗಳಿಗೆ ಕೇಳಿಸಿ ಅರ್ಥ ಕೇಳಬಹುದಿತ್ತು, ಕ್ಲಿನಿಕ್ಕಿನ ನರ್ಸಮ್ಮನಿಗೆ ಕೇಳಿಸಬಹುದಿತ್ತು. ಆದರೆ ಹೆಂಡತಿಯ ಗುಟ್ಟನ್ನು ಇನ್ನೊಬ್ಬರ ಕಿವಿಯಿಂದ ಸಾಲ ತರುವುದೇ? ಮಾನ ಬೇಡವೇ? ತಾನೇ ಕೇಳಬೇಕು ಎಂದು ಹಟ ಹಿಡಿದರು. ಫೋನಿನಲ್ಲಿ ಸ್ಪಷ್ಟವಾಗಿ ಕೇಳದಿದ್ದರೆ ದೋಷ ಫೋನಿನದು. ಒಳ್ಳೆಯ ಹೆಡ್‌ಫೋನ್ ತಂದರಾಯಿತು. ಹಾಡು ಕೇಳುವ ಖಯಾಲಿ ಬಂದಿದೆ ಎಂದು ಊರಿಗೆಲ್ಲ ಹೇಳಿಕೊಂಡು ಹೊರಟರು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ದುಡ್ಡಿದ್ದವರ ಕಿವಿಗೆಂದೇ ಒಂದು ಅಂಗಡಿಯಿತ್ತು. ಕಾಲು ಹೂತುಹೋಗುವ ಜಮಖಾನ, ಗೋಡೆಗೆಲ್ಲ ದಪ್ಪ ಪರದೆ, ಮರದ ತಲೆಗಳ ಮೇಲೆ ಸಾಲಾಗಿ ಕೂತ ಹೆಡ್‌ಫೋನುಗಳು. ಬೆಲೆ ಕೇಳಿದರೆ ಗಟ್ಟಿ ಹಲ್ಲೂ ಅಲ್ಲಾಡುವಂಥದ್ದು. ಅಂಗಡಿಯವನು ಪಿಸುದನಿ ಬಿಟ್ಟು ಮಾತಾಡಿದವನೇ ಅಲ್ಲ. ಗಂಡನ ವರ್ಣನೆ ಕೇಳಿಯೇ ಅವನಿಗೆ ಮೇಡಂ ಪಿಸುಗುಟ್ಟಪ್ಪ ಎಂದು ಹೆಸರಿಟ್ಟಿದ್ದರು.

“ಇದರ ಹಿಂಭಾಗ ತೆರೆದಿರುತ್ತೆ ಸಾರ್. ಗಾಳಿ ಆಡುತ್ತೆ. ಹಾಡೋರು ಎದುರಿಗೇ ನಿಂತ ಹಾಗಿರುತ್ತೆ.”

“ಆಂ?”

“ಗಾಳಿ ಸಾರ್, ಗಾಳಿ ಆಡುತ್ತೆ.”

“ಬೇಡ ಬಿಡಿ, ನನಗೇನೂ ಸೆಕೆ ಇಲ್ಲ.”

ಮನೆಗೊಯ್ದು ಕೆಲವು ದಿನ ಕೇಳಿ, ಒಗ್ಗದಿದ್ದರೆ ವಾಪಸು ತರಬಹುದು ಎಂಬುದು ಆ ಅಂಗಡಿಯ ಪದ್ಧತಿ. ಅದನ್ನು ಡಾಕ್ಟರಷ್ಟು ಸದುಪಯೋಗ ಮಾಡಿಕೊಂಡವರು ಇನ್ನೊಬ್ಬರಿಲ್ಲ. ಮೊದಲನೆಯದು ಚರ್ಮದ ದಿಂಬಿನದು, ಕಿವಿ ಬೆವರಿತು. ಎರಡನೆಯದು ಹೆಲ್ಮೆಟ್ಟಿನಷ್ಟು ಭಾರ, ಕತ್ತು ಹಿಡಿಯಿತು. ಮೂರನೆಯದಕ್ಕೆ ಪಳಗಲು ದಿನ ಬೇಕು ಎಂದು ಪಿಸುಗುಟ್ಟಪ್ಪ ಹೇಳಿದ್ದಕ್ಕೆ ಅದನ್ನು ಬೀರುವಿನಲ್ಲಿ ಹಗಲೂ ರಾತ್ರಿ ಹಾಡಲು ಬಿಟ್ಟರು. ಬೀರು ಹಾಡುತ್ತಿದೆ ಎಂದು ಕೆಲಸದಾಕೆ ಆ ಕೋಣೆ ಗುಡಿಸುವುದನ್ನೇ ಬಿಟ್ಟಳು. ನಾಲ್ಕನೆಯದರಲ್ಲಿ ಕೊಳಲೂದುವವನು ಉಸಿರೆಳೆದದ್ದೂ ಕೇಳಿಸುತ್ತದೆಂದು ಅಂಗಡಿಯವನು ಆಣೆಯಿಟ್ಟ. ಎಲ್ಲದರಲ್ಲೂ ಹಾಡು ಚೆನ್ನಾಗಿಯೇ ಇತ್ತು. ಹಾಡಿಗೆ ಮುಂಚಿನ ಮಾತು ಮಾತ್ರ ಮಂಜಿನಲ್ಲೇ ಉಳಿಯಿತು.

ಡಾಕ್ಟರಿಗೂ ಅಂಗಡಿಯವನ ಮೇಲೆ ಒಂದು ಕಣ್ಣಿತ್ತು. ಅವನು ಮಾತಾಡುವಾಗ ಎಡಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದ. “ಆ ದವಡೆ ಹಲ್ಲು ತೋರಿಸ್ರೀ,” ಎಂದರೆ ಸಾಕು, ಪರದೆಯ ಹಿಂದೆ ಮಾಯವಾಗುತ್ತಿದ್ದ. ಅವನಿಗೆ ಡ್ರಿಲ್ಲಿನ ಹೆಸರು ಕೇಳಿದರೇ ಜೀವ ಬಾಯಿಗೆ ಬರುತ್ತಿತ್ತು.

ಐದನೆಯದನ್ನು ವಾಪಸು ಕೊಡುವಾಗ ಮೇಡಂ ಕೂಡ ಮಜಾ ನೋಡಲು ಜೊತೆಗೆ ಬಂದರು. ಪಿಸುಗುಟ್ಟಪ್ಪನಿಗೆ ಪಾಪ ತಲೆಕೆಟ್ಟುಹೋಗಿತ್ತು.

“ಯಾವ ಹಾಡು ಸಾರ್ ನೀವು ಕೇಳೋದು? ನನಗೂ ಒಮ್ಮೆ ಕೇಳ್ಸಿ.”

ಡಾಕ್ಟರು ಫೋನನ್ನು ಎದೆಗೆ ಅವುಚಿಕೊಂಡರು. “ಅದು ನಮ್ಮ ಮನೆ ವಿಷಯ.”

ಅಂಗಡಿಯವನು ಅವರನ್ನೊಮ್ಮೆ, ಮೇಡಂ ಅನ್ನೊಮ್ಮೆ ನೋಡಿದ. ಮೂರು ಹೆಡ್‌ಫೋನ್ ತಂದು ಮೂವರ ತಲೆಗೂ ಹಾಕಿದ. “ಒಂದು ಸಿಳ್ಳೆ ಬರುತ್ತೆ. ಸಣ್ಣಗೆ, ಇನ್ನೂ ಸಣ್ಣಗೆ ಏರ್ತಾ ಹೋಗುತ್ತೆ. ನಿಂತ ಕೂಡ್ಲೇ ಕೈ ಎತ್ತಿ.”

ಸಿಳ್ಳೆ ಏರಿತು. ಡಾಕ್ಟರು ಕಣ್ಣು ಮುಚ್ಚಿ ಕೇಳಿ, ನಿಂತ ತಕ್ಷಣ ಮೊದಲ ಬೆಂಚಿನ ಹುಡುಗನ ಹಾಗೆ ಕೈ ಎತ್ತಿ ಗೆದ್ದವರಂತೆ ನೋಡಿದರು. ಉಳಿದಿಬ್ಬರ ಕೈ ಕೆಳಗೇ ಇತ್ತು. ಕೆಳಗೇ ಇತ್ತು. ಮೇಡಂ ಇನ್ನೂ ತಲೆಯಾಡಿಸುತ್ತ ಕೇಳುತ್ತಲೇ ಇದ್ದರು. ಡಾಕ್ಟರ ಎತ್ತಿದ ಕೈ ನಿಧಾನವಾಗಿ ಇಳಿದು ತಲೆ ಕೆರೆದುಕೊಂಡಿತು.

ಪಿಸುಗುಟ್ಟಪ್ಪ ಅವರೆದುರು ಮೊದಲ ಸಲ ಗಟ್ಟಿಯಾಗಿ ಮಾತಾಡಿದ.

“ಹೆಡ್‌ಫೋನಿನ ತಪ್ಪಲ್ಲ ಸಾರ್ ಇದು. ಇಷ್ಟು ವರ್ಷ ಆ ಡ್ರಿಲ್ಲು ಕಿವಿ ಪಕ್ಕದಲ್ಲೇ ಕಿರುಚಿದೆಯಲ್ಲ, ಮೇಲಿನ ಶಬ್ದ ಎಲ್ಲಾ ಅದು ತಿಂದುಹಾಕಿದೆ. ಆ, ಊ, ಏ ಅನ್ನೋದು ನಿಮಗೆ ಕೇಳ್ಸುತ್ತೆ. ಸ, ಚ, ತ ಅಂತ ಮಾತಿಗೆ ಅಂಚು ಇರುತ್ತಲ್ಲ, ಅದು ಕೇಳ್ಸಲ್ಲ. ಎಷ್ಟು ದೊಡ್ಡ ಹೆಡ್‌ಫೋನ್ ಕೊಟ್ರೂ ಅಷ್ಟೇ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಐದು ನೆಲಗಳನ್ನು ಡೊಂಕೆಂದು ಹಿಂತಿರುಗಿಸಿದ ಡಾಕ್ಟರು ಮೆಟ್ಟಿಲಿಳಿದರು. ಅವಮಾನಕ್ಕಿಂತ ಭಯ ದೊಡ್ಡದಾಗಿತ್ತು. ಹಾಗಾದರೆ ಆ ಮಾತು ತನಗೆ ಇನ್ನೆಂದಿಗೂ ಕೇಳಿಸುವುದಿಲ್ಲವೇ?

ಕಾರಿನಲ್ಲಿ ಮೇಡಂ ನಗಲಿಲ್ಲ. ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದರು: “ಬೇಕಾದ್ರೆ ನಾನೇ ಹೇಳ್ಬಿಡ್ತೀನಿ ರೀ.”

“ಯಾಕೆ? ಪಾಪ ಅಂತಾನಾ?”

ಮೇಡಂ ಗೇರು ಬದಲಿಸಿದರು.

“ಬೇಡ,” ಎಂದರು ಡಾಕ್ಟರು. “ಒಂದ್ಸಲ ಪಾಪ ಅಂದದ್ದೇ ಸಾಕು. ನಾನೇ ಕೇಳಿಸ್ಕೊಂಡ್ರೆ ಆಯ್ತು, ಇಲ್ಲದಿದ್ರೆ ಇಲ್ಲ.”

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡದ್ದು ಪಿಸುಗುಟ್ಟಪ್ಪನ ದವಡೆ. ಒಂದು ಸಂಜೆ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಅವನೇ ಬಂದ. ಕೆನ್ನೆ ಊದಿತ್ತು. ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದು ಕೈಯಲ್ಲಿ ಚೀಲ. ಚೀಲದಲ್ಲಿ ಹೊಸ ಪೆಟ್ಟಿಗೆ.

“ಮೊನ್ನೆ ತಾನೇ ಬಂದದ್ದು ಸಾರ್, ಆರನೇದು. ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ. ನೋವು ಮಾತ್ರ ಮಾಡ್ಬೇಡಿ.”

“ಲಂಚ ಕೊಟ್ರೆ ಹಲ್ಲು ಬಿಡುತ್ತೇನ್ರೀ? ಕೂತ್ಕೊಳ್ಳಿ,” ಎಂದರು ಡಾಕ್ಟರು.

ಚುಚ್ಚುಮದ್ದು ಕೊಟ್ಟರು, ಹತ್ತಿ ತುರುಕಿದರು, ಕನ್ನಡಿ ಇಳಿಸಿದರು. ಎರಡೂ ಕೈ ಅವನ ಬಾಯೊಳಗೆ ಹೋದ ಮೇಲೆ, ಲೋಕದ ಎಲ್ಲ ಹಲ್ಲಿನ ಡಾಕ್ಟರುಗಳ ಹಾಗೆ, ಆರಾಮವಾಗಿ ಮಾತಿಗಿಳಿದರು.

“ಯಾವಾಗಿಂದ ನೋವು?”

“ಓ-ಅ ಆ-ಅ-ಇಂ-ಅ.”

“ಹೋದ ವಾರದಿಂದ? ಸುಳ್ಳು ಹೇಳ್ಬೇಡಿ. ಒಳಗೆ ಸುರಂಗ ತೋಡಿದೆ, ಒಂದು ವರ್ಷದ ಕೆಲಸ ಇದು. ವ್ಯಾಪಾರ ಹೇಗಿದೆ?”

“ಈ-ಉ ಒ-ಎ ಆ-ಅ-ಉ.”

“ನಾನೊಬ್ಬನೇ ವಾಪಸ್ ತರೋದು ಅಂತೀರಿ? ಬೇರೆ ಯಾರೂ ಇಲ್ವಾ?”

“ಎ-ಅ-ಎ ಆ, ಓ-ಉ!”

“ಮೆತ್ತಗೇ ಮಾಡ್ತಿದೀನಿ. ನೋವಲ್ಲ ಅದು, ನಿಮ್ಮ ಭಯ.”

ಟ್ರೇ ಹಿಡಿದು ನಿಂತಿದ್ದ ನರ್ಸಮ್ಮ ಹಣೆ ಚಚ್ಚಿಕೊಂಡರು. “ನಾನೂ ಇಷ್ಟು ವರ್ಷದಿಂದ ನೋಡ್ತಿದೀನಿ ಸಾರ್. ಅವರು ಬರೀ ಆ ಊ ಅಂತಾರೆ, ನೀವು ಪಟಪಟ ಉತ್ತರ ಕೊಡ್ತೀರಿ. ನನಗೆ ಇವತ್ತಿಗೂ ಒಂದಕ್ಷರ ಅರ್ಥ ಆಗಲ್ಲ. ಅದ್ಹೇಗ್ ಗೊತ್ತಾಗುತ್ತೆ ನಿಮಗೆ?”

“ಅದರಲ್ಲೇನಿದೆ ಮಹಾ? ಬಾಯಿಗೆ ಕೈ ಹಾಕಿದ್ರೆ ಮಾತಿನ ಅಂಚು ಹೋಗುತ್ತೆ, ಆ ಊ ಏ ಅಷ್ಟೇ ಉಳಿಯೋದು. ಉಳಿದದ್ದನ್ನ ನಾವೇ...”

ಡ್ರಿಲ್ಲು ಗಾಳಿಯಲ್ಲಿ ನಿಂತಿತು. ಡಾಕ್ಟರು ನರ್ಸಮ್ಮನನ್ನು ನೋಡಿದರು. ನರ್ಸಮ್ಮ ಡ್ರಿಲ್ಲನ್ನು ನೋಡಿದರು. ಪಿಸುಗುಟ್ಟಪ್ಪ, ಬಾಯಿ ತೆರೆದುಕೊಂಡೇ, ಇಬ್ಬರನ್ನೂ ನೋಡಿದ.

“ಬಾಯಿ ಮುಚ್ಬೇಡಿ. ಹಾಗೇ ಇರಿ,” ಎಂದವರೇ ಡಾಕ್ಟರು ಕೈಗವಸು ಕಿತ್ತೆಸೆದು, ಚೀಲದಿಂದ ಪೆಟ್ಟಿಗೆ ಎಳೆದುಕೊಂಡು, ಎಕ್ಸ್‌ರೇ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಮಸುಕು ಮಾತು ತಿಳಿದುಕೊಳ್ಳುವುದೇ ಜೀವಮಾನದ ಕಸುಬಾಗಿದ್ದ ಡಾಕ್ಟರು, ಮಾತು ಮಸುಕಾಗಿದೆ ಎಂದು ಐದು ಹೆಡ್‌ಫೋನಿನ ಮೇಲೆ ಮುನಿಸಿಕೊಂಡಿದ್ದರು. ಇಷ್ಟು ದಿನ ಅವರು ಹೆಂಡತಿಯ ಮಾತನ್ನು ಗಂಡನಾಗಿ ಕೇಳಿದ್ದರು. ಈಗ ಕಣ್ಣು ಮುಚ್ಚಿ, ಆ ಹುಡುಗಿಯನ್ನು ಮನಸ್ಸಿನಲ್ಲೇ ಕುರ್ಚಿಗೆ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ಕ್ಷಮಿಸು ಮಾರಾಯ್ತಿ ಎಂದುಕೊಂಡು, ಡಾಕ್ಟರಾಗಿ ಕೇಳಿದರು.

ಕೆಮ್ಮು. ಕುರ್ಚಿ. ಗುಜುಗುಜು. ಆಮೇಲೆ ಆ ಮೆಲುದನಿ.

ಅ-ಉ-ಅ ಅಂ-ಅ. ಉ-ಉ ಆ-ಏ.

ಹಿಂದಿನಿಂದ ಹಿಡಿದರು. ಈ ಮಾತು ಮುಗಿದದ್ದೇ ಹಾಡು ಏಳುತ್ತದೆ. ಉ-ಉ ಆ-ಏ. ಶುರು ಮಾಡ್ರೇ! ಇನ್ನೇನಿರಲು ಸಾಧ್ಯ? ಅದರ ಹಿಂದಿನದು ಅಂ-ಅ. ಬಂದ. ಯಾವನೋ ಬಂದ. ಇವಳು ಕಾಯುತ್ತಿದ್ದಳು, ಯಾವನೋ ಬಂದ, ಹಾಡು ಶುರು ಮಾಡಿಸಿದಳು. ಯಾವನವನು? ಅ-ಉ-ಅ. ಮತ್ತೆ ಕೇಳಿದರು, ಮತ್ತೆ ಕೇಳಿದರು. ತನಗೆ ಗೊತ್ತಿದ್ದ ಅಂದಿನ ಅಂದಗಾರ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಆ ಸ್ವರಗಳಿಗೆ ತೊಡಿಸಿ ನೋಡಿದರು. ಯಾರಿಗೂ ಸರಿಹೊಂದಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಯೋಚಿಸುತ್ತ ಕೂತಿದ್ದ ಹಾಗೆಯೇ ನಾಲಿಗೆ ತಾನಾಗಿ ಮುಂದಿನ ಹಲ್ಲುಗಳ ಮೇಲೆ ಹೋಯಿತು. ತಂತಿ ಬಿಗಿದು ಹಿಂದಕ್ಕೆಳೆದು ಕೂರಿಸಿದ ಹಲ್ಲುಗಳು. ಡಾಕ್ಟರು ಕಣ್ಣು ತೆರೆದರು.

ಎಕ್ಸ್‌ರೇ ಕೋಣೆಯಿಂದ ಹೊರಬಂದಾಗ ಅವರ ಮುಖ ನೋಡಿ ನರ್ಸಮ್ಮ ಟ್ರೇ ಕೆಳಗಿಟ್ಟರು.

“ಇದೇ!” ಎಂದರು ಡಾಕ್ಟರು ಹೆಡ್‌ಫೋನ್ ಎತ್ತಿ ಹಿಡಿದು. “ಸರಿಯಾದದ್ದು ಸಿಕ್ಕಿತು. ಇದನ್ನ ವಾಪಸ್ ಕೊಡೋದಿಲ್ಲ, ಕೊಂಡೆ!”

“ಏ?” ಎಂದ ಪಿಸುಗುಟ್ಟಪ್ಪ, ತೆರೆದ ಬಾಯಿಯಲ್ಲೇ. ಇಂದಿಗೂ ಅವನು ಆರನೆಯದರ ಮಹಿಮೆ ಹೇಳಿ ಎಷ್ಟೋ ಗಿರಾಕಿಗಳಿಗೆ ಅದನ್ನೇ ದಾಟಿಸುತ್ತಾನೆ. ಅದು ಕೆಟ್ಟ ಕಿವಿಗೂ ಕೇಳಿಸುತ್ತದಂತೆ.

ಅವನ ಹಲ್ಲು ಮುಗಿಸಿ ಮನೆ ಸೇರುವಾಗ ಊಟದ ಹೊತ್ತು ಮೀರಿತ್ತು. ಮೇಡಂ ಮೇಜಿನ ಮೇಲೆ ತಟ್ಟೆ ಬೋರಲು ಹಾಕಿಟ್ಟು ಕಾಯುತ್ತಿದ್ದರು. ಡಾಕ್ಟರು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತರು. ದಾರಿಯುದ್ದಕ್ಕೂ ಏನೇನೋ ಪೀಠಿಕೆ ಕಟ್ಟಿಕೊಂಡು ಬಂದಿದ್ದರು, ಒಂದೂ ನೆನಪಾಗಲಿಲ್ಲ.

“ಹಲ್ಲುಬ್ಬ ಬಂದ,” ಎಂದರು. “ಶುರು ಮಾಡ್ರೇ.”

ಮೇಜಿನ ಕೆಳಗೆ ಮೇಡಂ ಬಲಗಾಲು ಬ್ರೇಕು ತುಳಿಯಿತು. ಏನೂ ನಿಲ್ಲಲಿಲ್ಲ. ಕತ್ತಿನಿಂದ ಹೊರಟ ಕೆಂಪು ಹಣೆಯವರೆಗೂ ಏರಿತು.

“ಯಾರು ಹೇಳಿದ್ದು? ಆ ಕ್ಯಾಸೆಟ್ಟಿನವಳು ಬಾಯಿಬಿಟ್ಲಾ?”

“ಯಾರೂ ಹೇಳ್ಲಿಲ್ಲ. ನಾನೇ ಕೇಳಿಸ್ಕೊಂಡೆ.” ಡಾಕ್ಟರು ಈಗ ಚಪ್ಪಲಿ ಬಿಟ್ಟು ಒಳಗೆ ಬಂದರು. “ನನ್ನ ಮುಖಾನೇ ನೋಡಿರ್ಲಿಲ್ಲ ಅಂತಿದ್ಯಲ್ಲೇ ಇಷ್ಟು ವರ್ಷ!”

“ನೋಡಿರ್ಲಿಲ್ಲ, ನಿಜ. ಮುಖ ಎಲ್ಲಿ ಕಾಣ್ತಿತ್ತು? ಹಲ್ಲು ಅಡ್ಡ ಇದ್ವಲ್ಲ.”

ಹೇಳಿ ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ವೇದಿಕೆಯ ಮೇಲಿನ ಆ ಹುಡುಗಿಯರ ಕಿಸಕ್ಕೆಂಬ ನಗುವೇ ಅದು, ಇಷ್ಟೂ ವರ್ಷ ತಡೆದಿಟ್ಟದ್ದು.

“ಅಷ್ಟು ಹೊತ್ತು ಸಭೇನ ಕಾಯಿಸಿದ್ದು ನೀನಾ?”

“ಮತ್ತಿನ್ಯಾರು? ಪ್ರಿನ್ಸಿಪಾಲರು ಕೆಳಗಿಂದ ಶುರು ಮಾಡಿ ಅಂತ ಸನ್ನೆ ಮೇಲೆ ಸನ್ನೆ ಮಾಡ್ತಿದ್ರು. ನನ್ನ ಗಂಟಲು ಕಟ್ಟಿದೆ, ತಡೀರೇ ಅಂತ ಹುಡುಗೀರನ್ನೆಲ್ಲ ಹಿಡಿದು ನಿಲ್ಲಿಸಿದ್ದೆ. ನೀವು ಬಗ್ಗಿಕೊಂಡು ಬರ್ತಿದ್ದದ್ದು ಕಾಣಿಸ್ತು. ಮೊದಲು ಹಲ್ಲು ಬಂತು, ಆಮೇಲೆ ನೀವು ಬಂದ್ರಿ.”

“ಮತ್ತೆ ಈ ‘ಪಾಪ ಅಂತ ಒಪ್ಕೊಂಡೆ’ ಅನ್ನೋದು?”

“ನಿಜ ಹೇಳಿದ್ರೆ ನೀವು ತಲೆ ಮೇಲೆ ಹತ್ತಿ ಕೂರ್ತಿರ್ಲಿಲ್ವಾ?”

ಡಾಕ್ಟರ ಬಾಯಿಗೆ ಹತ್ತಿ 
ತುರುಕಿದ ಹಾಗೆ ಆ ಊ ಎಂದಷ್ಟೇ ಬಂತು. ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿ, ಕಣ್ಣೊರೆಸಿಕೊಂಡು, ಬೋರಲು ಹಾಕಿದ್ದ ತಟ್ಟೆ ಎತ್ತಿ ನೆಟ್ಟಗಿಟ್ಟರು.

“ಆವತ್ತೂ ತಡ, ಇವತ್ತೂ ತಡ,” ಎಂದರು. “ಬನ್ನಿ, ಊಟ ಆರಿಹೋಗಿದೆ.”